ರಾತ್ರಿ ಎರಡಕ್ಕೆ ನೋವು ಬಂದರೆ ದೊಡ್ಡ ಮಗು ಯಾರ ಹತ್ತಿರ?

ಇಂಗ್ಲೆಂಡಿನಲ್ಲಿ ಎರಡನೇ ಬಸಿರು, ಮನೆಯಲ್ಲಿ ಎರಡು ವರ್ಷದ ಮಗು, ತವರು ಮೈಸೂರಲ್ಲೋ ಶಿವಮೊಗ್ಗದಲ್ಲೋ. ಇಂಥ ಮನೆಗಳಲ್ಲಿ ಸ್ಕ್ಯಾನಿನ ತಾರೀಕು, ಮಗುವಿನ ಬಟ್ಟೆ, ಕಾರ್ ಸೀಟು ಎಲ್ಲ ಹೊಂದಿಸಿಟ್ಟಿರುತ್ತಾರೆ. ನೋವು ಶುರುವಾದ ರಾತ್ರಿ ದೊಡ್ಡ ಮಗುವನ್ನು ಯಾರ ಹತ್ತಿರ ಬಿಡುವುದು ಅನ್ನುವುದು ಮಾತ್ರ ಕೊನೇವರೆಗೂ ‘ನೋಡೋಣ’ದಲ್ಲೇ ಇರುತ್ತದೆ. ಹೆರಿಗೆ ವಾರ್ಡಿನೊಳಗೆ ಚಿಕ್ಕ ಮಕ್ಕಳನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಯಾರೂ ಸಿಗದಿದ್ದರೆ ಅಪ್ಪ ಮಗುವಿನ ಜೊತೆ ಮನೆಯಲ್ಲಿ, ಅಮ್ಮ ಒಬ್ಬಳೇ ಟ್ಯಾಕ್ಸಿಯಲ್ಲಿ. ಹಾಗಾಗಬಾರದು. ಏಳು ತಿಂಗಳು ತುಂಬುವುದರೊಳಗೆ ಆ ರಾತ್ರಿಯ ಏರ್ಪಾಡು ಮುಗಿದಿರಲಿ.

ಚೊಚ್ಚಲ ಹೆರಿಗೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೋವು ಸರಿಯಾಗಿ ಹಿಡಿದುಕೊಂಡ ಮೇಲೆ ಚೊಚ್ಚಲಿಗೆ ಸರಾಸರಿ 8 ಗಂಟೆಯಾದರೆ ಎರಡನೆಯದಕ್ಕೆ ಸರಾಸರಿ 5 ಗಂಟೆ. ಕೆಲವರಿಗೆ ಅದಕ್ಕಿಂತ ಎಷ್ಟೋ ಬೇಗ. ಹೋದ ಸಲ ಐದು ನಿಮಿಷಕ್ಕೊಂದು ನೋವು ಬರುವವರೆಗೆ ಕಾದೆವಲ್ಲ ಎಂದು ಈ ಸಲವೂ ಕಾಯುತ್ತ ಕೂರಬೇಡಿ. ನೋವು ಒಂದು ಲಯಕ್ಕೆ ಬಂದದ್ದೇ ಆಸ್ಪತ್ರೆಯ ಮೆಟರ್ನಿಟಿ ಟ್ರಯಾಜ್‌ಗೆ, ಅಂದರೆ ಬಸುರಿಯರನ್ನು ತುರ್ತಾಗಿ ನೋಡುವ ವಿಭಾಗಕ್ಕೆ, ಫೋನ್ ಮಾಡಿ, ‘ಇದು ಎರಡನೆಯದು, ಮನೆಯಲ್ಲಿ ಚಿಕ್ಕ ಮಗು ಇದೆ, ಹೊರಡಲು ಇಷ್ಟು ಹೊತ್ತು ಬೇಕು’ ಎಂದು ಮೊದಲೇ ಹೇಳಿ. ಆ ‘ಇಷ್ಟು ಹೊತ್ತು’ ಎಷ್ಟು ಅನ್ನುವುದನ್ನು ಕೂಡಿಸಿ ನೋಡಿ: ಗೆಳತಿ ಎದ್ದು ಬರಲು 20 ನಿಮಿಷ, ಜನವರಿಯಾದರೆ ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯಲು 10, ದಾರಿ 25, ಪಾರ್ಕಿಂಗ್ ಹುಡುಕಿ ಒಳಗೆ ಹೋಗಲು 10. ಒಂದು ಗಂಟೆಗಿಂತ ಹೆಚ್ಚಾಯಿತು. ನೀರು ಹೋಗಿ, ಅದರ ಬಣ್ಣ ಹಸಿರು ಅಥವಾ ಕಂದು ಇದ್ದರೆ, ಇಲ್ಲವೇ ರಕ್ತ ಹೋದರೆ, ನೋವಿಗೂ ಕಾಯದೆ ಫೋನ್ ಮಾಡಿ. ತಿಣುಕಿ ಮಗುವನ್ನು ತಳ್ಳಬೇಕು ಅನ್ನಿಸಿಬಿಟ್ಟರೆ ಕಾರು ಹತ್ತಲೇಬೇಡಿ, ಆಂಬುಲೆನ್ಸಿಗಾಗಿ 999ಕ್ಕೆ ಕರೆ ಮಾಡಿ.

ಮಗುವನ್ನು ನೋಡಿಕೊಳ್ಳಲು ಒಬ್ಬರಲ್ಲ, ಮೂವರು ಬೇಕು. ಒಬ್ಬರಿಗೆ ಜ್ವರ, ಇನ್ನೊಬ್ಬರು ಊರಲ್ಲಿಲ್ಲ, ಹೀಗೆಯೇ ಆಗುವುದು. ಮೊದಲನೆಯವರು ನಡೆದು ಬರುವಷ್ಟು ಹತ್ತಿರ ಇರಲಿ. ಕನ್ನಡದವರೇ ಆಗಬೇಕೆಂದಿಲ್ಲ, ಪಕ್ಕದ ಮನೆಯ ಅಜ್ಜಿಯೂ ಆದೀತು. ಏರ್ಪಾಡು ಕೆಡುವುದು ಬಹಳ ಸಣ್ಣ ಕಾರಣಕ್ಕೆ: ರಾತ್ರಿ ಅವರ ಫೋನ್ ಸೈಲೆಂಟ್‌ನಲ್ಲಿರುತ್ತದೆ. ನಿಮ್ಮ ನಂಬರ್ ಮಾತ್ರ ಸೈಲೆಂಟ್‌ನಲ್ಲೂ ರಿಂಗ್ ಆಗುವಂತೆ ಅವರ ಎದುರಿಗೇ ಸೆಟ್ ಮಾಡಿಸಿ, ಒಂದು ಸಲ ಕರೆ ಮಾಡಿ ನೋಡಿ. ಮನೆಯ ಇನ್ನೊಂದು ಬೀಗದ ಕೈ ಅವರ ಹತ್ತಿರ ಇರಲಿ. ಹಗಲಿನಲ್ಲಿ ನೋವು ಬಂದರೆ ನರ್ಸರಿಯಿಂದ ಮಗುವನ್ನು ಕರೆತರುವವರ ಹೆಸರನ್ನು ಅಲ್ಲಿ ಬರೆಸಿರಬೇಕು. ಎಷ್ಟೋ ನರ್ಸರಿಗಳಲ್ಲಿ ಪಾಸ್‌ವರ್ಡೂ ಹೇಳಬೇಕು, ಇಲ್ಲದಿದ್ದರೆ ಮಗುವನ್ನು ಕಳಿಸುವುದಿಲ್ಲ.

ಆಮೇಲೆ ಫ್ರಿಜ್ ಬಾಗಿಲಿಗೆ ಅಂಟಿಸುವ ಒಂದು ಹಾಳೆ. ಇದನ್ನು ಬರೆಯಲು ಅರ್ಧ ಗಂಟೆ ಸಾಕು, ಆ ರಾತ್ರಿ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ನಿಮ್ಮ ಮಗುವಿನ ಮಾತು ಅವರಿಗೆ ತಿಳಿಯುವುದಿಲ್ಲ. ‘ಬುವ್ವಾ’ ಅಂದರೆ ಊಟ, ‘ತಾಚಿ’ ಅಂದರೆ ನಿದ್ದೆ, ‘ಉಚ್ಚೆ’ ಅಂದರೆ ಓಡಿ ಬಾತ್‌ರೂಮಿಗೆ: ಮಗು ಹೇಗೆ ಅನ್ನುತ್ತದೋ ಹಾಗೇ ಬರೆದು, ಪಕ್ಕದಲ್ಲಿ ಅರ್ಥ ಬರೆಯಿರಿ. ಹಾಲು ಎಷ್ಟು ಬೆಚ್ಚಗೆ, ಯಾವ ಲೋಟದಲ್ಲಿ, ಯಾವ ಹೊದಿಕೆ ಇಲ್ಲದೆ ಮಲಗುವುದಿಲ್ಲ ಅನ್ನುವುದೂ ಇರಲಿ. ಅಲರ್ಜಿ ಇದ್ದರೆ ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ. ಜ್ವರಕ್ಕೆ ಮಕ್ಕಳ ಪ್ಯಾರಸಿಟಮಾಲ್ ಸಿರಪ್, ಅಂದರೆ 5 ಮಿ.ಲೀ.ಗೆ 120 ಮಿ.ಗ್ರಾಂ ಇರುವುದು, 2ರಿಂದ 3 ವರ್ಷದ ಮಗುವಿಗೆ ಒಂದು ಸಲಕ್ಕೆ 7.5 ಮಿ.ಲೀ.; ನಡುವೆ ಕನಿಷ್ಠ 4 ಗಂಟೆ, 24 ಗಂಟೆಯಲ್ಲಿ ನಾಲ್ಕೇ ಸಲ. ಬಾಟಲಿಯನ್ನೂ ಅಳತೆಯ ಸಿರಿಂಜನ್ನೂ ಒಂದೇ ಕಡೆ ಇಡಿ. ಫ್ರೀಜರಿನಲ್ಲಿ ಬೇಳೆಸಾರು ಎರಡು ಮೂರು ಸಣ್ಣ ಡಬ್ಬಿಗಳಲ್ಲಿರಲಿ. ಅಮ್ಮ ಕಾಣದ ದಿನ ಮಗು ಹೊಸ ರುಚಿಯನ್ನು ಬಾಯಿಗೇ ಇಡುವುದಿಲ್ಲ.

ಹಾಳೆ ಒಂದೇ ಸಾಲದು, ತಾಲೀಮೂ ಬೇಕು. ಎಂಟು ತಿಂಗಳು ತುಂಬುವ ಮೊದಲು ಒಂದೆರಡು ಸಂಜೆ ಅವರೇ ಬಂದು ಮಗುವಿಗೆ ಉಣ್ಣಿಸಿ ಮಲಗಿಸಲಿ, ನೀವು ಹೊರಗೆ ಹೋಗಿಬನ್ನಿ. ನಡುರಾತ್ರಿ ಎದ್ದಾಗ ಕಾಣುವ ಮುಖ ಮೊದಲೇ ಪರಿಚಯದ್ದಾಗಿರಬೇಕು.

ಅಮ್ಮನೋ ಅತ್ತೆಯೋ ಊರಿಂದ ಬರುವುದಾದರೆ ಟಿಕೆಟ್ಟನ್ನು ಡಾಕ್ಟರು ಕೊಟ್ಟ ತಾರೀಕಿಗೆ ಹೊಂದಿಸಬೇಡಿ. 37ನೇ ವಾರದಿಂದಲೇ ದಿನ ತುಂಬಿದ ಹೆರಿಗೆ. 35ನೇ ವಾರಕ್ಕೆ ಬಂದರೆ ಮಗು ಅಜ್ಜಿಗೆ ಹೊಂದಿಕೊಳ್ಳಲು ಎರಡು ವಾರ ಸಿಗುತ್ತದೆ. ವಿಡಿಯೊ ಕಾಲ್‌ನಲ್ಲಿ ನಗುವ ಮಗು ಎದುರಿಗೆ ಬಂದ ಅಜ್ಜಿಯನ್ನು ಕಂಡು ಅಳುವುದು ಮಾಮೂಲು. ವಿಸಿಟರ್ ವೀಸಾದಲ್ಲಿ ಒಮ್ಮೆಗೆ 6 ತಿಂಗಳವರೆಗೆ ಇರಬಹುದಾದ್ದರಿಂದ ಬಾಣಂತನಕ್ಕೆ ದಿನ ಕಡಿಮೆಯಾಗುವುದಿಲ್ಲ. ಅವರ ಪ್ರಯಾಣ ವಿಮೆಯನ್ನು ಮಾತ್ರ ಮರೆಯಬೇಡಿ. ಬಂದ ಮೊದಲ ದಿನವೇ ಮೂರು ವಿಷಯ ಕಲಿಸಿ: 999, ಬಾಯಿಪಾಠವಾಗಿ ಮನೆಯ ಪೋಸ್ಟ್‌ಕೋಡ್, ಮತ್ತು ಸ್ಮೋಕ್ ಅಲಾರಂ. ಒಣಮೆಣಸಿನಕಾಯಿ ಒಗ್ಗರಣೆಯ ಹೊಗೆಗೆ ಅದು ಕಿರುಚಿಕೊಂಡರೆ ಮಗು ಬೆಚ್ಚಿಬಿದ್ದು ಅಳುತ್ತದೆ, ಅಜ್ಜಿ ಗಾಬರಿಯಾಗುತ್ತಾರೆ. ಅಡುಗೆಗೆ ಮೊದಲೇ ಕಿಟಕಿ ತೆರೆದು, ಚಿಮಣಿ ಫ್ಯಾನ್ ಹಾಕಿದರೆ ಆಯಿತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎದ್ದಾಗಿನಿಂದ ಒಂದು ಮಗುವಿನ ಹಿಂದೆ ಓಡುವವಳಿಗೆ ಹೊಟ್ಟೆಯೊಳಗಿನ ಮಗು ಒದ್ದದ್ದು ಗೊತ್ತೇ ಆಗದೆ ದಿನ ಕಳೆದುಹೋಗುತ್ತದೆ. ದಿನದಲ್ಲಿ ಎರಡು ಹೊತ್ತು, ದೊಡ್ಡದು ಮಲಗಿದಾಗ, ಎಡಮಗ್ಗುಲಾಗಿ ಮಲಗಿ ಗಮನ ಕೊಡಿ. ಎಷ್ಟು ಸಲ ಒದೆಯಬೇಕು ಅನ್ನುವ ಒಂದೇ ಲೆಕ್ಕ ಎಲ್ಲರಿಗೂ ಇಲ್ಲ. ನಿಮ್ಮ ಮಗುವಿನ ವಾಡಿಕೆ ಬದಲಾಯಿತೋ, ಓಡಾಟ ಕಡಿಮೆಯಾಯಿತೋ, ಆಗಲೇ ಟ್ರಯಾಜ್‌ಗೆ ಫೋನ್. ಬೆಳಿಗ್ಗೆವರೆಗೆ, ನರ್ಸರಿ ಬಿಡುವವರೆಗೆ, ಗಂಡ ಆಫೀಸಿನಿಂದ ಬರುವವರೆಗೆ ಕಾಯುವುದು ಬೇಡ. ದೊಡ್ಡದನ್ನು ಬಿಡಲು ಯಾರೂ ಸಿಗದಿದ್ದರೆ ಎತ್ತಿಕೊಂಡೇ ಹೊರಡಿ.

ಎಲ್ಲ ಸಲೀಸಾಗಿ ನಡೆದರೆ ಹೆರಿಗೆಯಾದ ಆರು ಗಂಟೆಗೇ ಮನೆಗೆ ಕಳಿಸುವುದುಂಟು. ಗಂಡನಿಗೆ ಸಿಗುವ ಎರಡು ವಾರದ ಪಿತೃತ್ವ ರಜೆಯನ್ನು 2024ರ ಏಪ್ರಿಲ್‌ನಿಂದ ಒಂದೊಂದು ವಾರವಾಗಿ ಬಿಡಿಸಿಯೂ ತೆಗೆದುಕೊಳ್ಳಬಹುದು. ಅಜ್ಜಿ ಇರುವಾಗ ಒಂದು, ಅವರು ಊರಿಗೆ ಹೊರಟ ಮೇಲೆ ಇನ್ನೊಂದು ಎಂದು ಇಟ್ಟುಕೊಂಡರೆ ಎರಡೂ ಉಪಯೋಗಕ್ಕೆ ಬರುತ್ತವೆ.

ಸಿಸೇರಿಯನ್ ಆದರೆ ಸುಮಾರು ಆರು ವಾರ ಹಸುಗೂಸಿಗಿಂತ ಭಾರವಾದುದನ್ನು ಎತ್ತುವಂತಿಲ್ಲ. ದೊಡ್ಡ ಮಗು 12 ಕಿಲೋ ಇರುತ್ತದೆ, ‘ಎತ್ಕೋ’ ಎಂದು ಕೈ ಚಾಚುತ್ತದೆ, ಅದಕ್ಕೆ ಹೊಲಿಗೆಯ ವಿಷಯ ಏನು ಗೊತ್ತು? ಹೆರಿಗೆಗೆ ತಿಂಗಳು ಮೊದಲೇ ಸೋಫಾದ ಪಕ್ಕ ಗಟ್ಟಿಯಾದ ಒಂದು ಪುಟ್ಟ ಸ್ಟೂಲ್ ಇಟ್ಟು, ಅದನ್ನು ಹತ್ತಿ ತಾನಾಗಿ ಅಮ್ಮನ ಎಡಪಕ್ಕಕ್ಕೆ ಬರುವುದನ್ನು ರೂಢಿ ಮಾಡಿಸಿ. ಹೊಟ್ಟೆಯ ಮೇಲೆ ಅಡ್ಡಲಾಗಿ ಒಂದು ದಿಂಬು, ಬಲಗೈಯಲ್ಲಿ ಕೂಸು, ಎಡಗೈ ದೊಡ್ಡದರ ಹೆಗಲ ಮೇಲೆ.