ಅವನು ಹೇಳಿದ್ದು ಒಂದು, ನಾನು ಬರೆದಿದ್ದು ಇನ್ನೊಂದು

ಸೈಕಿಯಾಟ್ರಿ ಪಿಜಿ ಮಾಡುತ್ತಿದ್ದಾಗಿನ ಮಾತು. ಬೆಂಗಳೂರಿನ ಒಂದು ಆಸ್ಪತ್ರೆ, ಹೊರಗೆ ಓಪಿಡಿ ಸಾಲು ಗೇಟಿನ ತನಕ. ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ಹುಡುಗನೊಬ್ಬನನ್ನು ಅವನ ಅಕ್ಕ ಕರೆದುಕೊಂಡು ಬಂದಿದ್ದರು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ನಿದ್ದೆ ಇಲ್ಲ, ಕೆಲಸಕ್ಕೆ ಹೋಗುತ್ತಿಲ್ಲ. ನಾನು ಮಾಮೂಲಿ ಪ್ರಶ್ನೆ ಕೇಳಿದೆ. ಯಾರೂ ಇಲ್ಲದಿದ್ದರೂ ಮಾತು ಕೇಳಿಸುತ್ತಾ? ಇಲ್ಲ. ಯಾರಾದರೂ ಕೇಡು ಮಾಡ್ತಾರೆ ಅನಿಸುತ್ತಾ? ಇಲ್ಲ. ಏಳುವಾಗ ಅವನು, "ಎಲ್ಲಾ ಅದೇ ಇದೆ ಮೇಡಂ, ಆದ್ರೆ ಯಾವುದೂ ಮೊದಲಿನ ಥರ ಇಲ್ಲ" ಅಂದ. ನಾನು 'ಆಂಗ್ಸೈಟಿ', ಅಂದರೆ ಆತಂಕ, ಅಂತ ಬರೆದು ಮುಂದಿನವರನ್ನು ಕರೆದೆ.

ಸಂಜೆ ಫೈಲ್ ನೋಡಿದ ನಮ್ಮ ಸರ್, "ಇದು ನಿಮ್ಮ ಮಾತಾಯ್ತಮ್ಮ, ಅವನು ಏನಂದ?" ಅಂತ ಕೇಳಿದರು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮುಂದಿನ ವಾರ ಅವನ ಜೊತೆ ಮುಕ್ಕಾಲು ಗಂಟೆ ಕೂತೆ. ಮೊದಲಿನ ಥರ ಇಲ್ಲ ಅಂದ್ರೆ ಹೇಗೆ ಅಂತ ಕೇಳಿ ಸುಮ್ಮನಾದೆ. ತುಂಬಾ ಹೊತ್ತಿನ ಮೇಲೆ ಹೇಳಿದ: ಬಸ್‌ಸ್ಟಾಪಿನಲ್ಲಿ ಜನ ಸುಮ್ನೆ ನಿಂತ ಹಾಗಿಲ್ಲ, ಅಂಗಡಿ ಬೋರ್ಡು, ಆಟೋ ಹಾರ್ನು ಎಲ್ಲದರಲ್ಲೂ ಏನೋ ಇದೆ, ಏನು ಅಂತ ಮಾತ್ರ ಗೊತ್ತಾಗ್ತಿಲ್ಲ.

ಜರ್ಮನಿಯ ಮನೋವೈದ್ಯ ಕಾರ್ಲ್ ಯಾಸ್ಪರ್ಸ್ 1913ರಲ್ಲೇ ಮನೋರೋಗಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು, ಆಗ ಅವರಿಗೆ ಬರೀ 30 ವರ್ಷ. ಈ ಸ್ಥಿತಿ ಅದರಲ್ಲಿದೆ. ಭ್ರಮೆ ಇನ್ನೂ ರೂಪ ಪಡೆದಿಲ್ಲ, ಆದರೆ ಲೋಕದ ಬಣ್ಣವೇ ಬದಲಾಗಿದೆ. ಮಿದುಳಿನಲ್ಲಿ ಏನಾಯಿತು ಅಂತ ಕಾರಣ ಹುಡುಕುವುದು ಬೇರೆ, ಈ ಮನುಷ್ಯನಿಗೆ ಒಳಗೆ ಹೇಗಾಗುತ್ತಿದೆ ಅಂತ ಅರ್ಥ ಮಾಡಿಕೊಳ್ಳುವುದು ಬೇರೆ ಅಂತ ಅವರು ಬಿಡಿಸಿ ಹೇಳಿದರು. ಹೀಗೆ ಒಳಗಿನ ಅನುಭವವನ್ನು ನೋಡುವುದಕ್ಕೆ ಫಿನಾಮಿನಾಲಜಿ ಅನ್ನುತ್ತಾರೆ. ನಮಗೆ ಅದು ಇಷ್ಟೇ: ಹೆಸರಿಡುವ ಮೊದಲು ಅನುಭವವನ್ನು ಪೂರ್ತಿ ಕೇಳುವುದು. ಮಾತ್ರೆ ಬೇಡ ಅಂತಲ್ಲ. ಅವನಿಗೂ ಕೊಟ್ಟೆವು, ಆದರೆ ಬೇರೆ ಮಾತ್ರೆ, ಮತ್ತು ಪ್ರತಿ ವಾರ ಕರೆಸಿ ನೋಡಿದೆವು. ಬರೀ ಆಂಗ್ಸೈಟಿ ಅಂತ ಬಿಟ್ಟಿದ್ದರೆ ಒಂದು ತಿಂಗಳು ಬಿಟ್ಟು ಬಾ ಅನ್ನುತ್ತಿದ್ದೆ.

ಈಗ ನಾನು ಬರೆಯುವ ಕೇಸ್ ಶೀಟಿನ ಮೊದಲ ಸಾಲು ರೋಗಿಯದೇ ಮಾತು, ಕನ್ನಡದಲ್ಲೇ. ನಮ್ಮಲ್ಲಿ ಜಾಸ್ತಿ ಕೇಳುವ ಮಾತು 'ಬೇಜಾರು'. ಅದು ದುಃಖವೂ ಹೌದು, ಮುನಿಸೂ ಹೌದು, ಹೊತ್ತು ಹೋಗದಿರುವುದೂ ಹೌದು, ಸೀದಾ ಡಿಪ್ರೆಶನ್ ಅಂತ ಬರೆದರೆ ಹೇಗೆ ಅಲ್ವಾ? ಮೊನ್ನೆ ಒಬ್ಬ ಅಜ್ಜಿಗೆ, ಬೇಜಾರು ಅಂದ್ರೆ ಹೇಗಾಗುತ್ತೆ ಅಂತ ಕೇಳಿದೆ. "ಹೊತ್ತೇ ಮುಂದಕ್ಕೆ ಹೋಗಲ್ಲ ಕಣಮ್ಮ, ಒಲೆ ಮೇಲಿಟ್ಟ ಅನ್ನ ನಾಳೆಗೂ ಬೇಯಲ್ಲ ಅನ್ಸುತ್ತೆ" ಅಂದರು. ಹಾಗೇ ಬರೆದುಕೊಂಡೆ.