ನಾಯಿ ಮಂಚದ ಮೇಲೆ ಮಲಗ್ಬೋದಾ? ನಮ್ಮನೇಲಿ ಮಲಗ್ತವೆ

ಮನೆಗೆ ಯಾರೇ ಬಂದ್ರೂ ಮಾತಿನ ಮಧ್ಯೆ ಎಲ್ಲೋ ಒಂದ್ಕಡೆ ಈ ಪ್ರಶ್ನೆ ಬಂದೇ ಬರತ್ತೆ, "ರಾತ್ರಿ ಇವು ಎಲ್ಲಿ ಮಲಗ್ತವೆ?" ಅಂತ. ನಮ್ ಜೊತೆಗೇ, ಮಂಚದ ಮೇಲೆ ಅಂದ ತಕ್ಷಣ ಕೆಲವ್ರು ಫೋನ್ ತೆಗೆದು ಅವ್ರ ಮನೆ ನಾಯಿ ದಿಂಬಿನ ಮೇಲೆ ತಲೆ ಇಟ್ಕೊಂಡು ಮಲಗಿರೋ ಫೋಟೋ ತೋರಿಸ್ತಾರೆ, ಇನ್ ಕೆಲವ್ರು ಮುಖ ಸಣ್ಣಗೆ ಮಾಡ್ಕೊಂಡು "ಕಾಯಿಲೆ ಬರಲ್ವಾ?" ಅಂತಾರೆ. ಎರಡೂ ಥರದವರ ಜೊತೆ ಎಷ್ಟೋ ಸಲ ಮಾತಾಡಿದೀನಿ, ಆದ್ರೆ ಅರ್ಧಂಬರ್ಧ. ಪೂರ್ತಿಯಾಗಿ ಬರೀಬೇಕು ಅನ್ನಿಸ್ತು.

ನಮ್ದು ಬೆಂಗಳೂರಿನ ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಫ್ಲಾಟು. ಎರಡು ನಾಯಿ ಇವೆ. ಕೆಂಚ ಬೀದಿಯಿಂದ ಬಂದ ಇಂಡಿ, ಅಂದ್ರೆ ನಮ್ ನಾಟಿ ನಾಯಿ, ಪುಟ್ಟಿ ವಯಸ್ಸಾದ ಪಾಮರೇನಿಯನ್. ಕೆಂಚ ಕಾಲ ಹತ್ರ, ಪುಟ್ಟಿ ನನ್ ಹೊಟ್ಟೆ ಪಕ್ಕ.

ಕಾಯಿಲೆ ವಿಷಯ ಮೊದ್ಲು ಹೇಳ್ತೀನಿ, ಯಾಕಂದ್ರೆ ಆ ಭಯ ಸುಳ್ಳಲ್ಲ. ಬೆಂಗಳೂರಲ್ಲಿ ನಾಯಿ ಸಾಕಿದವ್ರಿಗೆಲ್ಲ ಗೊತ್ತಿರೋ ಶತ್ರು ಅಂದ್ರೆ ಉಣ್ಣೆ ಹುಳ, ಟಿಕ್ಸು. ನಮ್ ಕಡೆ ನಾಯಿಗೆ ಹತ್ತೋ ಆ ಕಂದು ಉಣ್ಣೆ ಇದ್ಯಲ್ಲ ಅದಕ್ಕೆ ಕಾಡೂ ಬೇಡ ಹುಲ್ಲೂ ಬೇಡ, ಮನೆ ಒಳಗೇ ಅದ್ರ ಇಡೀ ಸಂಸಾರ ನಡ್ಸತ್ತೆ. ಹೆಣ್ಣು ಹುಳ ಹೊಟ್ಟೆ ತುಂಬ ರಕ್ತ ಕುಡಿದು ನಾಯಿ ಮೈಯಿಂದ ಕೆಳಗೆ ಬಿದ್ದು, ಗೋಡೆ ಬಿರುಕಲ್ಲೋ ಬಾಗಿಲ ಚೌಕಟ್ಟಿನ ಸಂದಿಯಲ್ಲೋ ಸಾವಿರಾರು ಮೊಟ್ಟೆ ಇಡತ್ತೆ. ಹಾಗಾಗಿ ನಾಯಿ ಮೈ ಮೇಲಿರೋದನ್ನ ಕಿತ್ತು ಹಾಕಿದ್ರೆ ಮುಗೀತು ಅನ್ಕೊಂಡ್ರೆ ಮುಗಿಯಲ್ಲ, ಸ್ವಲ್ಪ ದಿನ ಬಿಟ್ಟು ಮರಿಗಳು ಗೋಡೆ ಹತ್ತುತ್ತಾ ಇರ್ತವೆ. ನಾಯಿಗಳಿಗೆ ಟಿಕ್ ಫೀವರ್ ಬರೋದು ಇದ್ರಿಂದಾನೇ, ಜ್ವರ, ಊಟ ಬಿಡೋದು, ಪ್ಲೇಟ್‌ಲೆಟ್ ಇಳಿಯೋದು, ತಡ ಮಾಡಿದ್ರೆ ಜೀವಕ್ಕೇ ಕಂಟಕ. ಚಿಗಟದ ಕಥೆನೂ ಹತ್ತಿರತ್ತಿರ ಇದೇ, ಅದು ನಾಯಿ ಮೈ ಮೇಲೆ ಮೊಟ್ಟೆ ಇಟ್ರೂ ಮೊಟ್ಟೆ ಜಾರಿ ಬೀಳೋದು ನಾಯಿ ಮಲಗೋ ಜಾಗದಲ್ಲಿ, ಅಂದ್ರೆ ಮಂಚ ಹತ್ತೋ ನಾಯಿ ಆದ್ರೆ ನಮ್ ಬೆಡ್‌ಶೀಟಲ್ಲಿ.

ಅದಕ್ಕೆ ನಾನು ಇದನ್ನ ಗಟ್ಟಿಯಾಗಿ ಹೇಳ್ತೀನಿ, ಟಿಕ್ಸಿನ ಮಾತ್ರೆನೋ ಕತ್ತಿನ ಹಿಂದೆ ಹಾಕೋ ಡ್ರಾಪ್ಸೋ ಡಾಕ್ಟ್ರು ಏನ್ ಹೇಳ್ತಾರೋ ಅದು ಟೈಮಿಗೆ ಸರಿಯಾಗಿ ಆಗ್ತಿದ್ರೆ ಮಾತ್ರ ಮಂಚದ ಮಾತು. ಕೆಲವು ಮಾತ್ರೆ ಒಂದ್ ತಿಂಗ್ಳು ಕೆಲಸ ಮಾಡ್ತವೆ, ಕೆಲವು ಮೂರ್ ತಿಂಗ್ಳ ಹತ್ರ, ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳಿ. ವಾಕಿಂಗ್‌ನಿಂದ ಬಂದ್ಮೇಲೆ ಕಾಲ್ಬೆರಳ ಸಂದಿ, ಕಿವಿ ಒಳಗೆ, ಕಂಕುಳು, ಕಾಲರಿನ ಕೆಳಗೆ ಕೈಯಾಡಿಸಿ ನೋಡಬೇಕು. ಸಿಕ್ಕಿದ್ರೆ ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ರ ಹಿಡಿದು ನೇರವಾಗಿ ಎಳೀಬೇಕು, ಬೆಂಕಿಕಡ್ಡಿ ಸೀಮೆಎಣ್ಣೆ ಅಂತೆಲ್ಲ ದಯವಿಟ್ಟು ಬೇಡ.

ಲಸಿಕೆ ಬಗ್ಗೆ ಜಾಸ್ತಿ ಹೇಳೋದೇ ಬೇಡ, ಎಲ್ರಿಗೂ ಗೊತ್ತಿರೋದೇ. ಮರಿಗೆ ಮೂರ್ ತಿಂಗಳ ಹೊತ್ತಿಗೆ ರೇಬೀಸ್, ಆಮೇಲೆ ಡಾಕ್ಟ್ರು ಕಾರ್ಡಲ್ಲಿ ಬರೆದ ತಾರೀಖಿಗೆ ಬೂಸ್ಟರ್, ಇಲಿ ಜ್ವರದ ಲಸಿಕೆನೂ ಸೇರಿಸಿ, ಮಳೆಗಾಲದಲ್ಲಿ ನಮ್ ಮೋರಿಗಳ ಸ್ಥಿತಿ ನೋಡಿದ್ರೆ ಅದು ಬೇಕೇ ಬೇಕು. ಬೆಳೆದ ನಾಯಿಗೆ ಸಾಮಾನ್ಯವಾಗಿ ಮೂರ್ ತಿಂಗ್ಳಿಗೊಂದ್ಸಲ ಜಂತುಹುಳದ ಮಾತ್ರೆ. ಹಾಸಿಗೇಲಿ ಆಟ ಆಡ್ತಾ ಉಗುರು ತಾಗಿ ರಕ್ತ ಬಂದ್ರೆ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಡಾಕ್ಟ್ರ ಹತ್ರ ಹೋಗಿ ಕೇಳಿ, ನಮ್ಮನೇದೇ ನಾಯಿ ಅಲ್ವಾ ಅಂತ ಸುಮ್ನಿರಬೇಡಿ.

ನಿದ್ದೆ ಕೆಡಲ್ವಾ ಅಂತ ಕೇಳೋರಿಗೆ: ಸ್ವಲ್ಪ ಕೆಡತ್ತೆ. ಅಮೆರಿಕದ ಮೇಯೋ ಕ್ಲಿನಿಕ್‌ನವ್ರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, ನಿದ್ದೆ ಸಮಸ್ಯೆ ಇಲ್ಲದ 40 ಜನ, ಅವ್ರಿಗೂ ಅವ್ರ ನಾಯಿಗೂ ಚಲನೆ ಅಳೆಯೋ ಪಟ್ಟಿ ಕಟ್ಟಿ ಏಳು ರಾತ್ರಿ ನೋಡಿದ್ರು. ಹಾಸಿಗೇಲಿ ಕಳೆದ ಹೊತ್ತಲ್ಲಿ ನಿಜವಾಗಿ ನಿದ್ದೆ ಮಾಡಿದ ಪಾಲು ಎಷ್ಟು ಅಂತ ಲೆಕ್ಕ ಹಾಕಿದಾಗ, ನಾಯಿ ರೂಮಲ್ಲೇ ಇದ್ದು ಕೆಳಗೆ ಮಲಗಿದ್ರೆ ಸುಮಾರು ಶೇಕಡ 83, ಮಂಚದ ಮೇಲಿದ್ರೆ ಶೇಕಡ 80. ಕೂಲಂಕಷವಾಗಿ ನೋಡಿದ್ರೆ ಕೆಳಗೆ ಮಲಗೋದೇ ಮೇಲು, ಅದನ್ನ ನಾನು ಒಪ್ತೀನಿ. ಆದ್ರೆ ಆ ಮೂರು ಪರ್ಸೆಂಟನ್ನ ನಾನು ಮನಸ್ಸಾರೆ ಕೊಡ್ತೀನಿ. ನಿಮ್ಗೆ ಮೊದ್ಲೇ ನಿದ್ದೆ ಕಮ್ಮಿ, ನೈಟ್ ಶಿಫ್ಟು, ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಬೇಕು ಅಂದ್ರೆ ಕೊಡಬೇಡಿ, ಮಂಚದ ಪಕ್ಕ ನೆಲದ ಮೇಲೆ ದಪ್ಪ ಹಾಸಿಗೆ ಹಾಕ್ಕೊಡಿ, ನಾಯಿಗೆ ಬೇಕಿರೋದು ನೀವು ಹತ್ರ ಇರೋದು.

ಬೆಕ್ಕಿನ ಪ್ರಶ್ನೆ ಬೇರೆ. ನಮ್ಮಕ್ಕನ ಮನೇಲಿ ಬೆಕ್ಕಿದೆ, ಚಿನ್ನಿ ಅಂತ. ಬೆಕ್ಕುಗಳು ಮುಂಜಾನೆ ಮತ್ತು ಮುಸ್ಸಂಜೆ ಚುರುಕಾಗೋ ಪ್ರಾಣಿ, ನಸುಕಿಗೆ ಎದ್ದು ನಿಮ್ ಕಾಲ್ಬೆರಳು ಬೇಟೆ ಆಡೋದು ಅದ್ರ ಸ್ವಭಾವ. ಮಲಗೋ ಮುಂಚೆ ಚೆನ್ನಾಗಿ ಆಟ ಆಡ್ಸಿ ಆಮೇಲೆ ಊಟ ಹಾಕಿದ್ರೆ ಸ್ವಲ್ಪ ತಡವಾಗಿ ಏಳತ್ತೆ. ಅಕ್ಕ ಬಸುರಿ ಆದಾಗ ನೆಂಟರೆಲ್ಲ "ಬೆಕ್ಕನ್ನ ಎಲ್ಲಾದ್ರೂ ಬಿಟ್ಬಿಡಮ್ಮ, ಮಗುಗೆ ತೊಂದ್ರೆ" ಅಂತ ಹಿಡ್ಕೊಂಡ್ರು. ಆ ಭಯದ ಹಿಂದಿರೋ ಟಾಕ್ಸೋಪ್ಲಾಸ್ಮಾ ಅನ್ನೋ ರೋಗಾಣು ನಿಜವಾದ ಅಪಾಯನೇ, ಆದ್ರೆ ಅದು ಬೆಕ್ಕನ್ನ ತಬ್ಕೊಂಡ್ರೆ ಬರಲ್ಲ. ಬೆಕ್ಕಿನ ಮಲದಲ್ಲಿ ಬರೋ ಆ ರೋಗಾಣು ಹರಡೋ ಸ್ಥಿತಿಗೆ ಬರೋಕೆ ಒಂದರಿಂದ ಐದು ದಿನ ಬೇಕು, ಹಾಗಾಗಿ ಬೆಕ್ಕು ಕಕ್ಕ ಮಾಡೋ ಲಿಟರ್ ಟ್ರೇನ ದಿನಾ, ಬಸುರಿ ಬಿಟ್ಟು ಮನೇಲಿ ಬೇರೆಯವ್ರು ತೆಗೀಬೇಕು, ಸರಿಯಾಗಿ ಬೇಯದ ಮಾಂಸ ತಿನ್ನಬಾರ್ದು, ಸೊಪ್ಪು ತರಕಾರಿ ಚೆನ್ನಾಗಿ ತೊಳೀಬೇಕು, ಮಣ್ಣಲ್ಲಿ ಕೈ ಹಾಕೋವಾಗ ಗ್ಲೌಸ್ ಹಾಕ್ಬೇಕು. ಅಕ್ಕನ ಡಾಕ್ಟ್ರೂ ಇದನ್ನೇ ಹೇಳಿದ್ರು, ಭಾವ ಟ್ರೇ ಕೆಲಸ ವಹಿಸ್ಕೊಂಡ್ರು, ಚಿನ್ನಿ ಮನೇಲೇ ಉಳೀತು. ಇನ್ನೊಂದು ಮಾತು, ನಾಯಿ ಬೆಕ್ಕು ಎರಡೂ ಒಂದೇ ಮಂಚದಲ್ಲಿ ಮಲಗೋ ಮನೆಯವ್ರು ಇದನ್ನ ಮರೀಬೇಡಿ, ನಾಯಿಗೆ ಹಾಕೋ ಕೆಲವು ಟಿಕ್ಸ್ ಡ್ರಾಪ್ಸಲ್ಲಿ ಪರ್ಮೆತ್ರಿನ್ ಅನ್ನೋ ಕೀಟನಾಶಕ ಇರತ್ತೆ, ಅದು ಬೆಕ್ಕಿಗೆ ವಿಷ, ಪ್ರಾಣನೇ ಹೋಗ್ಬೋದು. ಪ್ಯಾಕೆಟ್ ಓದಿ.

ಈಗ ನಾನು ಯಾಕೆ ಮಂಚದ ಪರ ಅನ್ನೋದಕ್ಕೆ ಬರ್ತೀನಿ. ಮುದ್ದು, ಬೆಚ್ಚಗಿರತ್ತೆ ಅನ್ನೋದೆಲ್ಲ ಇದೆ, ಆದ್ರೆ ನನ್ಗೆ ದೊಡ್ಡ ಕಾರಣ ಪುಟ್ಟಿ ಎದೆ. ಸಣ್ಣ ಜಾತಿ ನಾಯಿಗಳಿಗೆ ವಯಸ್ಸಾದ ಮೇಲೆ ಹೃದಯದ ಕವಾಟ ಸಡಿಲ ಆಗೋದು ತುಂಬ ಸಾಮಾನ್ಯ. ಪುಟ್ಟಿಗೆ ಸ್ಟೆತಸ್ಕೋಪ್ ಇಟ್ಟ ಡಾಕ್ಟ್ರು ಮರ್ಮರ್, ಅಂದ್ರೆ ಹೃದಯ ಬಡಿತದ ಮಧ್ಯೆ ಬೇರೆ ಸದ್ದು, ಕೇಳಿಸ್ತಿದೆ ಅಂದು, ಎಕೋ ಅನ್ನೋ ಹೃದಯದ ಸ್ಕ್ಯಾನ್ ಮಾಡ್ಸಿ, ಆಮೇಲೆ ನನ್ಗೊಂದು ಕೆಲಸ ಕೊಟ್ರು: ಇದು ಗಾಢವಾಗಿ ನಿದ್ದೆ ಮಾಡ್ತಿರೋವಾಗ ಉಸಿರು ಎಣಿಸಿ. ಪಕ್ಕೆ ಮೇಲೆದ್ದು ಕೆಳಗಿಳಿದ್ರೆ ಒಂದು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ಕ್ಕಿಂತ ಕಮ್ಮಿ ಇರಬೇಕು, ಸತತವಾಗಿ ಅದಕ್ಕಿಂತ ಮೇಲೆ ಹೋಗ್ತಿದ್ರೆ ಶ್ವಾಸಕೋಶದಲ್ಲಿ ನೀರು ತುಂಬ್ತಿರಬೋದು, ಬೆಳಗಾಗೋವರೆಗೂ ಕಾಯದೇ ಫೋನ್ ಮಾಡಿ ಅಂದ್ರು. ಕನಸು ಕಾಣ್ತಾ ಕಾಲು ಒದರ್ತಿರೋವಾಗ ಎಣಿಸಬಾರ್ದು, ಆಗ ಹೆಚ್ಚು ಬರತ್ತೆ.

ಕ್ಲಿನಿಕ್ಕಲ್ಲಿ ಭಯಕ್ಕೇ ಉಸಿರು ಏರಿರತ್ತೆ, ಹಗಲು ಬಾಗಿಲು ಬೆಲ್ಲು ಕುಕ್ಕರ್ ವಿಷಲ್ಲು ಅಂತ ಎದ್ದೇ ಇರ್ತಾಳೆ, ಸರಿಯಾದ ಲೆಕ್ಕ ಸಿಗೋದು ರಾತ್ರಿನೇ. ಅವಳ ಬೆನ್ನಿನ ಮೇಲೆ ಕೈ ಇಟ್ರೆ ಕತ್ತಲಲ್ಲೇ ಗೊತ್ತಾಗತ್ತೆ, ಲೈಟೂ ಬೇಡ. ಈಗ ನಮ್ಮನೆಯವ್ರೂ ಎಣಿಸೋದು ಕಲ್ತಿದಾರೆ. ಕೆಂಚನಿಗೆ ಟಿಕ್ ಫೀವರ್ ಶುರು ಆದಾಗ್ಲೂ ನಮ್ಗೆ ಮೊದ್ಲು ಗೊತ್ತಾಗಿದ್ದು ಅವನು ಊಟ ಬಿಟ್ಟಾಗಲ್ಲ, ರಾತ್ರಿ ನನ್ ಕಾಲಿಗೆ ಅವನ ಹೊಟ್ಟೆ ಬಿಸಿ ತಗುಲಿದಾಗ. ಬೆಳಗ್ಗೆನೇ ರಕ್ತ ಪರೀಕ್ಷೆ ಆಯ್ತು, ಔಷಧಿ ಬೇಗ ಶುರು ಆಯ್ತು. ಬೇರೆ ರೂಮಲ್ಲಿ ಮಲಗಿದ್ರೆ ಇನ್ನೂ ಎಷ್ಟು ಹೊತ್ತು ಹೋಗ್ತಿತ್ತೋ.

ಎಲ್ರ ಮನೆಗೂ ಇದು ಹೊಂದಲ್ಲ. ಆಸ್ತಮಾ ಇರೋರು, ಕೂದಲು ಹೊಟ್ಟು ಅಂದ್ರೆ ಅಲರ್ಜಿ ಇರೋರು, ಕೀಮೋ ಥರದ ಚಿಕಿತ್ಸೇಲಿ ಇರೋರು ಡಾಕ್ಟ್ರನ್ನ ಕೇಳದೆ ಮಾಡಬಾರ್ದು. ಹಸುಗೂಸು ಮಲಗೋ ಹಾಸಿಗೇಲಿ ನಾಯಿ ಬೆಕ್ಕು ಎರಡೂ ಬೇಡ, ಎಷ್ಟೇ ಸಾಧು ಆಗಿರ್ಲಿ. ನಾಯಿ ಕಡೆಯಿಂದಾನೂ ನೋಡ್ಬೇಕು. ಎತ್ತರದ ಮಂಚದಿಂದ ಧುಮುಕಿ ಮುಂಗಾಲು ಮುರ್ಕೊಳೋ ಪಾಮರೇನಿಯನ್‌ಗಳು, ಬೆನ್ನುಹುರಿ ತೊಂದ್ರೆ ಬರೋ ಡ್ಯಾಶ್‌ಹಂಡ್‌ಗಳು ಇವೆ. ಅದಕ್ಕೇ ನಾವು ಮಂಚದ ಕಾಲು ತೆಗ್ಸಿ ಹಾಸಿಗೇನ ತಗ್ಗು ಮಾಡಿದೀವಿ, ಪಕ್ಕದಲ್ಲಿ ಮೆಟ್ಟಿಲು ಇಟ್ಟಿದೀವಿ. ಮಂಚ ಹತ್ತಿದ್ರೆ ನಾಯಿ ಯಜಮಾನ ಆಗ್ಬಿಡತ್ತೆ ಅನ್ನೋ ಮಾತು ಮಾತ್ರ ನಂಬಬೇಡಿ. ಅದು ಬಂದಿದ್ದು 1940ರ ದಶಕದಲ್ಲಿ ಕೂಡಿ ಹಾಕಿದ ತೋಳಗಳನ್ನ ನೋಡಿ ಬರೆದಿದ್ರಿಂದ, ಆಮೇಲೆ ಡೇವಿಡ್ ಮೆಕ್ ಅನ್ನೋ ತೋಳಗಳ ತಜ್ಞರೇ, ಕಾಡಿನ ತೋಳದ ಗುಂಪು ಅಂದ್ರೆ ಅಪ್ಪ ಅಮ್ಮ ಮಕ್ಕಳ ಸಂಸಾರ ಅಂತ 1999ರಲ್ಲಿ ಬರೆದ್ರು. ಸರಿಸೋಕೆ ಹೋದಾಗ ಗುರ್ ಅನ್ನೋ ನಾಯಿಗೆ ಬೇಕಿರೋದು ಹೊಡೆತ ಅಲ್ಲ, ಟ್ರೀಟ್ ತೋರ್ಸಿ ಕೆಳಗಿಳಿಯೋದನ್ನ ಕಲಿಸೋದು, ಮತ್ತೆ ಎಲ್ಲಾದ್ರೂ ನೋವಿದ್ಯಾ ಅಂತ ನೋಡೋದು.

ನಮ್ಮತ್ತೆ ಹಾಸನದ ಕಡೆಯವ್ರು, ಮಡಿ ಆಚಾರ ಇಟ್ಕೊಂಡವ್ರು. ಮೊದಲ ಸಲ ಬಂದಾಗ "ನಾಯಿನ ಮಂಚಕ್ಕೆ ಹತ್ತಿಸ್ಕೊಂಡಿದೀಯಲ್ಲಮ್ಮ, ನಮ್ಮನೇಲಿ ಅದು ಜಗುಲಿ ಬಿಟ್ಟು ಒಳಗೆ ಬಂದಿದ್ದೇ ಇಲ್ಲ" ಅಂದ್ರು. ಕೋಪದಲ್ಲಿ ಅಂದಿದ್ದಲ್ಲ, ಅವ್ರ ಮನೆ ರೀತಿ ಅದು. ನಾನು ಆ ಮಾತನ್ನ ತುಂಬ ಯೋಚ್ನೆ ಮಾಡಿದೆ. ಜಗುಲಿ ಅಂದ್ರೆ ಮೇಲೆ ಸೂರಿತ್ತು, ನೆಲ ಒಣಗಿರ್ತಿತ್ತು, ಪಕ್ಕದಲ್ಲೇ ಯಾರಾದ್ರೂ ಮಲಗಿರ್ತಿದ್ರು, ಕೊಟ್ಟಿಗೇಲಿ ಹುಲ್ಲು, ಒಲೆ ಬೂದಿ ಬೆಚ್ಚಗೆ, ಕಟ್ಟಿ ಹಾಕ್ತಿರಲಿಲ್ಲ, ರಾತ್ರಿಯೆಲ್ಲ ಊರು ಸುತ್ತಿ ಬೇಕಾದಾಗ ಬಂದು ಮಲಗ್ತಿತ್ತು. "ಅತ್ತೆ, ಇಲ್ಲಿ ಜಗುಲಿ ಎಲ್ಲಿದೆ ಹೇಳಿ, ಬಾಲ್ಕನೀಲಿ ಕಟ್ಬೇಕಾಗತ್ತೆ" ಅಂದೆ. ಅವ್ರು ಬಾಲ್ಕನಿಗೆ ಹೋಗಿ ನೋಡಿದ್ರು, ನಾಲ್ಕಡಿ ಸಿಮೆಂಟು, ವಾಷಿಂಗ್ ಮಷೀನು, ಗ್ಯಾಸ್ ಸಿಲಿಂಡರ್, ಎರಡು ಕುಂಡ. "ಇಲ್ಲಿ ಬೇಡಮ್ಮ, ಪಾಪ" ಅಂದ್ರು.

ಅತ್ತೆ ಇರೋಷ್ಟು ದಿನ ಅವ್ರ ರೂಮಿಗೂ ದೇವರ ಮನೆಗೂ ನಾಯಿಗಳು ಹೋಗಲ್ಲ, ಅದು ನಾವು ಕೊಡಬೇಕಾದ ಮರ್ಯಾದೆ, ಗೇಟ್ ಹಾಕಿದೀವಿ, ಅವೂ ಕಲ್ತಿವೆ. ನಮ್ ರೂಮಲ್ಲಿ ಎಂದಿನ ಹಾಗೆ. ಬೆಡ್‌ಶೀಟು ವಾರಕ್ಕೊಂದ್ಸಲ ಮಷೀನಿನ 60 ಡಿಗ್ರಿ ಬಿಸಿನೀರಲ್ಲಿ, ಮೇಲೊಂದು ಬೇರೆ ಹೊದಿಕೆ ಅವುಗಳಿಗೆ ಅಂತಾನೇ.

ನಿಮ್ ನಾಯಿ ಮಂಚ ಹತ್ತಬೇಕು ಅಂತ ನಾನು ಯಾರಿಗೂ ಹೇಳ್ತಿಲ್ಲ. ಬಾಲ್ಕನೀಲಿ ಕಟ್ಟಬೇಡಿ ಅಂತ ಮಾತ್ರ ಎಲ್ರಿಗೂ ಹೇಳ್ತೀನಿ. ಡಿಸೆಂಬರ್ ಜನವರಿ ರಾತ್ರಿ ಇಲ್ಲಿ 15-16 ಡಿಗ್ರಿಗೆ ಇಳಿಯತ್ತೆ, ಮುಧೋಳದಂಥ ಕೂದಲು ಕಮ್ಮಿ, ಮೂಳೆ ಎದ್ದಿರೋ ನಾಯಿಗೆ ಸಿಮೆಂಟು ನೆಲ ನೋವು, ಮಳೆಗೆ ಎರಚಲು, ದೀಪಾವಳಿಗೆ ಪಟಾಕಿ. ಹಾಲಲ್ಲಿ ಸೋಫಾ ಪಕ್ಕ ಒಂದು ಗೋಣಿಚೀಲ, ಅದ್ರ ಮೇಲೆ ಹಳೇ ಕಂಬಳಿ, ಪಕ್ಕದಲ್ಲಿ ನೀರಿನ ಬಟ್ಟಲು, ಇಷ್ಟಕ್ಕೆ ಎಲ್ರ ಮನೇಲೂ ಜಾಗ ಇರತ್ತೆ. ನಿಮ್ ರೂಮಿನ ಬಾಗಿಲು ಸ್ವಲ್ಪ ತೆಗ್ದಿಡಿ.