ಆರತಕ್ಷತೆ ಮೇಜಿಗೆ ಸುಗಂಧರಾಜದ ಹಾಸು

ಮೇಜು 4 ಅಡಿ ಉದ್ದ, 2 ಅಡಿ ಅಗಲ ಇದ್ದು, ಸುತ್ತ ಅರ್ಧ ಅಡಿ ಇಳಿಬೀಳಬೇಕು ಅಂದ್ರೆ ಜಾಲರಿ 5 ಅಡಿಗೆ 3 ಅಡಿ ಹೆಣೀಬೇಕು. ಜಾಲರಿಯ ಪ್ರತಿ ಚೌಕದ ಬದಿಗೊಂದು 2 ಇಂಚಿನ ಮೊಗ್ಗು, ಅಕ್ಕಪಕ್ಕದ ಚೌಕಗಳಿಗೆ ನಡುವಿನ ಮೊಗ್ಗು ಒಂದೇ. ಉದ್ದಕ್ಕೆ 30 ಚೌಕ, ಅಗಲಕ್ಕೆ 18. ಒಟ್ಟು 1,128 ಮೊಗ್ಗು ಹಿಡಿಯುತ್ತೆ. ಸೀಳಿ ಹೋಗೋದೂ ಸೇರಿ 1,250 ತರಿಸಿ.

ಒಂಟಿ ಎಸಳಿನ ಜಾತಿಯೇ ಇರಲಿ. ಡಬಲ್ ಹೂವಿನ ಮೊಗ್ಗು ದಪ್ಪ, ಜಾಲರಿ ಭಾರಕ್ಕೆ ಜಗ್ಗುತ್ತೆ. ಸೂಜಿ ತೊಟ್ಟಿನಲ್ಲಿ ಹೊಕ್ಕು ನೇರ ತುದಿಯಲ್ಲಿ ಬರಬೇಕು. ಸ್ವಲ್ಪ ಪಕ್ಕಕ್ಕೆ ವಾಲಿದ್ರೂ ಬೆಳ್ಳನೆ ಮೊಗ್ಗಿನ ಮೇಲೆ ಕೂದಲೆಳೆಯಷ್ಟು ಕಂದು ಗೆರೆ ಮೂಡುತ್ತೆ, ಆಮೇಲೆ ಕಣ್ಣು ಅಲ್ಲೇ ನಿಲ್ಲುತ್ತೆ. ನೈಲಾನ್ ದಾರ ಮೊಗ್ಗನ್ನ ಕೊಯ್ಯುತ್ತೆ. ಎರಡೆಳೆ ಹತ್ತಿ ನೂಲನ್ನ ಒದ್ದೆ ಮಾಡಿಕೊಳ್ಳಿ. ಗಂಟು ಮುಚ್ಚೋಕೆ ಕನಕಾಂಬರ ಸಾಕು. ಕೆಂಪು ಗುಲಾಬಿ ಎಸಳು ನಲುಗಿದ್ರೆ ಬಿಳಿ ಬಟ್ಟೆಗೆ ಕಲೆ.

ಹೆಣೆದಿದ್ದನ್ನ ಪ್ಲಾಸ್ಟಿಕ್ ಕವರಲ್ಲಿ ಬಿಗಿದಿಡಬೇಡಿ, ಬೆವರಿ ಕಪ್ಪಾಗುತ್ತೆ. ಬಾಳೆಎಲೆ ಮೇಲೆ ಹರಡಿ, ಹಿಂಡಿದ ಒದ್ದೆ ಪಂಚೆ ಹೊದಿಸಿ.

ಸಂಜೆ ಇಳಿದಂತೆ ಇದರ ಗಂಧ ಏರುತ್ತೆ. ಆರತಕ್ಷತೆಗೆ ಮಲ್ಲಿಗೆಗಿಂತ ಇದೇ ಒಪ್ಪುತ್ತೆ ಅನ್ನಿಸೋದು ಅದಕ್ಕೇ. ದೀಪ, ತಟ್ಟೆ ಕೂರೋ ಕಡೆ ಮಾತ್ರ ಹೆಣೆಯುವಾಗಲೇ ಜಾಗ ಖಾಲಿ ಬಿಡಿ.